ಟಾರ್ಗೆಟ್ ಬೋರ್ಡಿನ ಪಕ್ಕದಲ್ಲಿರುವ ಆ ಹಾಳೆ

ಮಾನ್ಯ ಸಂಪಾದಕರೇ,

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ರಾಮನಗರ, ಮದ್ದೂರು. ಈ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳ ಒಳಗೆ ಸಾಮಾನ್ಯವಾಗಿ ಎರಡು ಬರಹ ಕಣ್ಣಿಗೆ ಬೀಳುತ್ತವೆ. ಒಂದು, ಪ್ರತಿ ಲೈನಿನ, ಅಂದರೆ ಸಾಲಾಗಿ ಕೂತು ಹೊಲಿಯುವ ಮೆಷಿನ್ ಸಾಲಿನ, ತುದಿಯಲ್ಲಿರುವ ಬಿಳಿ ಬೋರ್ಡು: ಈ ಗಂಟೆಗೆ ಎಷ್ಟು ಪೀಸ್ ಬರಬೇಕಿತ್ತು, ಎಷ್ಟು ಬಂತು. ಇನ್ನೊಂದು, ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಅಂಟಿಸಿದ ಹಾಳೆ: ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯ ಸದಸ್ಯರ ಹೆಸರುಗಳು. ಮೊದಲನೆಯದನ್ನು ಗಂಟೆಗೊಮ್ಮೆ ತಿದ್ದಿ ಬರೆಯುತ್ತಾರೆ. ಎರಡನೆಯದನ್ನು ಅಂಟಿಸಿದ ದಿನದಿಂದ ಯಾರೂ ಮುಟ್ಟಿರುವುದಿಲ್ಲ. ಎಷ್ಟೋ ಕಡೆ ಅದರಲ್ಲಿ ಹೆಸರಿರುವವರು ಕೆಲಸ ಬಿಟ್ಟು ವರ್ಷವೇ ಆಗಿರುತ್ತದೆ.

ಹೆಣ್ಣುಮಕ್ಕಳು ಮರ್ಯಾದೆಯಿಂದ, ಹೆದರಿಕೆಯಿಲ್ಲದೆ ದುಡಿಯಬೇಕಾದರೆ ಈ ಎರಡನ್ನೂ ಒಟ್ಟಿಗೆ ನೋಡಬೇಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಆಡಳಿತ ವರ್ಗಕ್ಕೂ ಇಲಾಖೆಗಳಿಗೂ ಮುಟ್ಟಿಸಲು ಈ ಪತ್ರ.

ಬೋರ್ಡಿನಿಂದಲೇ ಶುರು ಮಾಡೋಣ. ಒಂದು ಲೈನಿನಲ್ಲಿ 40 ಟೈಲರ್‌ಗಳಿದ್ದಾರೆ, ಒಂದು ಅಂಗಿ ಹೊಲಿಯಲು ನಿಗದಿ ಮಾಡಿದ ಸಮಯ 20 ನಿಮಿಷ ಎಂದುಕೊಳ್ಳಿ. 40 ಜನರ ಒಂದು ಗಂಟೆ ಎಂದರೆ 2400 ನಿಮಿಷ. ಅದನ್ನು 20ರಿಂದ ಭಾಗಿಸಿದರೆ ಗಂಟೆಗೆ 120 ಪೀಸ್. ಇದು ಕಾಗದದ ಮೇಲಿನ ನೂರಕ್ಕೆ ನೂರರ ಲೆಕ್ಕ. ಚೆನ್ನಾಗಿ ಪಳಗಿದ ಲೈನು ನೂರಕ್ಕೆ 60ರಷ್ಟು ಕೊಟ್ಟರೂ 72 ಪೀಸ್ ಆಯಿತು. ಹೊಸ ಸ್ಟೈಲ್, ಅಂದರೆ ಹೊಸ ವಿನ್ಯಾಸದ ಬಟ್ಟೆ, ಲೈನಿಗೆ ಬಂದ ಮೊದಲ ದಿನ ಕೈಗೆ ಹೊಲಿಗೆ ಕೂತಿರುವುದಿಲ್ಲ, ಬಟ್ಟೆ ಮಡಿಚಿಕೊಡುವ ಫೋಲ್ಡರ್ ಮೆಷಿನಿಗೆ ಹೊಂದಿಕೊಂಡಿರುವುದಿಲ್ಲ, ಬಂಡಲ್‌ಗಳು ಎಲ್ಲೋ ಒಂದು ಮೆಷಿನ್ ಮುಂದೆ ಗುಡ್ಡೆ ಬಿದ್ದಿರುತ್ತವೆ. ಆ ದಿನ ಗಂಟೆಗೆ 40 ಪೀಸ್ ಬಂದರೆ ಅದೇ ಹೆಚ್ಚು. ಅಂಥ ದಿನವೂ ಬೋರ್ಡಿನ ಮೇಲೆ 100 ಎಂದು ಬರೆದರೆ, ನಡುವಿನ 60 ಪೀಸ್ ಸೂಪರ್‌ವೈಸರ್‌ನ ಬಾಯಿಂದ ಬೈಗುಳವಾಗಿ ಹೊರಬರುತ್ತದೆ. ಅವನಿಗೆ ಫ್ಲೋರ್ ಇನ್‌ಚಾರ್ಜ್ ಬೈದಿರುತ್ತಾನೆ, ಇನ್‌ಚಾರ್ಜ್‌ಗೆ ಪ್ರೊಡಕ್ಷನ್ ಮ್ಯಾನೇಜರ್ ಬೈದಿರುತ್ತಾನೆ. ಎಲ್ಲರ ಬೈಗುಳವೂ ಕೊನೆಗೆ ಬಂದು ಇಳಿಯುವುದು ಮೆಷಿನ್ ಮುಂದೆ ಕೂತ ಹೆಣ್ಣುಮಗಳ ಮೇಲೆ. ಪೀಸನ್ನು ಮುಖದ ಮೇಲೆ ಎಸೆಯುವುದು, ಬಾತ್‌ರೂಮಿಗೆ ಎದ್ದವಳನ್ನು ಮೈಕಿನಲ್ಲಿ ಕೂಗಿ ಕರೆಯುವುದು, ಮೈಬಣ್ಣ, ಮೈಕಟ್ಟು, ಮುಟ್ಟಿನ ದಿನಗಳ ಮೇಲೆ ಮಾತಾಡುವುದು ಶುರುವಾಗುವುದು ಹೀಗೆ.

ಇದಕ್ಕೆ ಪರಿಹಾರ ಲೆಕ್ಕದಲ್ಲೇ ಇದೆ. ಹೊಸ ಸ್ಟೈಲಿಗೆ ಟಾರ್ಗೆಟನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು: ಮೊದಲ ದಿನ 40, ಎರಡನೆಯ ದಿನ 50, ಐದಾರು ದಿನಕ್ಕೆ 70. ಬೆಳಿಗ್ಗೆ ಹಾಜರಿ ಮುಗಿದ ಕೂಡಲೇ ಬಾರದವರ ಪಾಲನ್ನು ಕಳೆಯಬೇಕು. 40ರಲ್ಲಿ ನಾಲ್ವರು ಬಾರದಿದ್ದರೆ ನೂರಕ್ಕೆ 10 ಕಡಿಮೆ. ಬಾರದವಳು ಕಾಲರ್ ಅಟ್ಯಾಚ್ ಮಾಡುವವಳಾಗಿದ್ದರೆ ಇನ್ನೂ ಕಡಿಮೆ, ಏಕೆಂದರೆ ಅವಳ ಹಿಂದಿನ ಕೆಲಸವೆಲ್ಲ ಅಲ್ಲಿಯೇ ಕಟ್ಟಿಕೊಳ್ಳುತ್ತದೆ. ಮೆಷಿನ್ ಕೆಟ್ಟ ನಿಮಿಷ, ದಾರ ಇಲ್ಲವೇ ಲೇಬಲ್ ಬಾರದೆ ಕಾದ ನಿಮಿಷ ಅದೇ ಬೋರ್ಡಿನಲ್ಲಿ ಬರೆದಿರಬೇಕು. ಹಾಗೆ ಬರೆದಿದ್ದರೆ ತಪ್ಪು ಸ್ಟೋರಿನದೋ ಮೆಕ್ಯಾನಿಕ್ಕಿನದೋ ಎಲ್ಲರಿಗೂ ಕಾಣುತ್ತದೆ, ಟೈಲರ್ ತಲೆಗೆ ಬರುವುದಿಲ್ಲ. ಸೂಪರ್‌ವೈಸರ್‌ಗೆ ಬಡ್ತಿ ಕೊಡುವಾಗ ಪೀಸಿನ ಲೆಕ್ಕದ ಜೊತೆಗೆ ಅವನ ಲೈನಿನಿಂದ ವರ್ಷದಲ್ಲಿ ಎಷ್ಟು ಮಂದಿ ಕೆಲಸ ಬಿಟ್ಟರು, ಎಷ್ಟು ಮಂದಿ ಬೇರೆ ಲೈನ್ ಕೇಳಿದರು ಎಂಬುದನ್ನೂ ನೋಡಬೇಕು. ಕಿರುಕುಳ ನಡೆಯುತ್ತಿರುವ ಲೈನು ದೂರು ಬರುವ ಮೊದಲೇ ಈ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಬೈಗುಳಕ್ಕೂ ಲೈಂಗಿಕ ಕಿರುಕುಳಕ್ಕೂ ನಡುವೆ ಇರುವ ಗೆರೆಯ ವಿಷಯದಲ್ಲಿ ಸಮಿತಿಗಳು ಹೆಚ್ಚು ಎಡವುತ್ತವೆ. 'ಇದು ಪ್ರೊಡಕ್ಷನ್ ವಿಚಾರಕ್ಕೆ ಬೈದದ್ದು, ನಮಗೆ ಸಂಬಂಧವಿಲ್ಲ' ಎಂದು ದೂರನ್ನು ಎಚ್‌ಆರ್‌ಗೆ ಕಳಿಸಿಬಿಡುತ್ತವೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುವುದು ಬೇರೆ. ಮುಟ್ಟುವುದು, ಅಶ್ಲೀಲ ಚಿತ್ರ ತೋರಿಸುವುದು, ಲೈಂಗಿಕ ಬೇಡಿಕೆ ಇಡುವುದು, ಮೈ ಬಗ್ಗೆ ಮಾತಾಡುವುದು ಮಾತ್ರವೇ ಕಿರುಕುಳವಲ್ಲ. ಅಂಥ ವರ್ತನೆಯ ಜೊತೆಗೆ ಸೇರಿಕೊಂಡ 'ಹೇಳಿದ ಹಾಗೆ ಕೇಳಿದರೆ ಸುಲಭದ ಮೆಷಿನ್ ಕೊಡುತ್ತೇನೆ' ಎಂಬ ಆಸೆ, 'ಇಲ್ಲದಿದ್ದರೆ ಗೇಟ್ ಪಾಸ್ ಕೊಡಲ್ಲ' ಎಂಬ ಬೆದರಿಕೆ, ಕೆಲಸದ ಜಾಗವನ್ನೇ ನರಕ ಮಾಡುವುದು, ಆರೋಗ್ಯ ಕೆಡಿಸುವಂಥ ಅವಮಾನ, ಇವೆಲ್ಲವೂ 3ನೇ ಸೆಕ್ಷನ್ನಿನ ಒಳಗೆ ಬರುತ್ತವೆ. ಗಾರ್ಮೆಂಟ್ಸ್‌ನಲ್ಲಿ ಕಿರುಕುಳದ ಕೀಲಿಕೈ ಇರುವುದು ರಜೆ, ಓಟಿ (ಹೆಚ್ಚುವರಿ ಹೊತ್ತಿನ ಕೆಲಸ), ಗೇಟ್ ಪಾಸ್ (ಕೆಲಸದ ನಡುವೆ ಹೊರಗೆ ಹೋಗುವ ಅನುಮತಿ ಚೀಟಿ), ಆಪರೇಷನ್ (ಪಾಲಿಗೆ ಬಂದ ಹೊಲಿಗೆ ಕೆಲಸ) ಬದಲಾವಣೆ ಈ ನಾಲ್ಕರಲ್ಲಿ. ನಾಲ್ಕೂ ಒಬ್ಬನೇ ಸೂಪರ್‌ವೈಸರ್ ಕೈಯಲ್ಲಿದ್ದರೆ ಯಾವ ಹುಡುಗಿಯೂ ಬಾಯಿ ಬಿಡುವುದಿಲ್ಲ. ರಜೆ ಚೀಟಿಗೆ ಇಬ್ಬರಲ್ಲಿ ಯಾರ ಸಹಿಯಾದರೂ ನಡೆಯುವಂತೆ ಮಾಡಿದರೆ, ಮೈ ಹುಷಾರಿಲ್ಲದವಳಿಗೆ ಗೇಟ್ ಪಾಸನ್ನು ಕಾರ್ಖಾನೆಯ ನರ್ಸ್ ನೇರವಾಗಿ ಕೊಡುವಂತಾದರೆ ಅರ್ಧ ಭಯ ಅಲ್ಲಿಗೇ ಹೋಗುತ್ತದೆ. ಹಾಜರಿ ಪುಸ್ತಕದಿಂದ ಮೊಬೈಲ್ ನಂಬರ್ ತೆಗೆದುಕೊಂಡು ರಾತ್ರಿ ವಾಟ್ಸ್ಆ್ಯಪ್ ಮಾಡುವ ಚಾಳಿ ಎಲ್ಲರಿಗೂ ಗೊತ್ತಿರುವಂಥದ್ದೇ. ನಂಬರ್‌ಗಳು ಎಚ್‌ಆರ್ ಬಳಿ ಮಾತ್ರ ಇರಲಿ. ರಜೆ ತಿಳಿಸಲು ಲೈನಿಗೊಂದು ಕಚೇರಿ ಫೋನ್ ಸಾಕು.

ಜಾತಿ ಹಿಡಿದು ಬೈಯುವುದು ಬೇರೆಯೇ ಅಪರಾಧ. ಬೈಸಿಕೊಂಡವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಅದಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಒಂದೇ ಘಟನೆಯಲ್ಲಿ ಎರಡೂ ಬೆರೆತಿದ್ದರೆ ಸಮಿತಿ ತನ್ನ ಭಾಗದ ವಿಚಾರಣೆ ನಡೆಸಬೇಕು, ಪೊಲೀಸ್ ದೂರಿಗೂ ನೆರವಾಗಬೇಕು.

ಇನ್ನು ಸಮಿತಿಯ ವಿಚಾರ. ರಾಜಸ್ಥಾನದ ಭಂವರಿ ದೇವಿ ಅವರ ಮೇಲಿನ ಸಾಮೂಹಿಕ ಅತ್ಯಾಚಾರ ಪ್ರಕರಣದ ಹಿನ್ನೆಲೆಯಲ್ಲಿ 1997ರ ಆಗಸ್ಟ್ 13ರಂದು ಸುಪ್ರೀಂ ಕೋರ್ಟ್ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಗೆ ಮಾರ್ಗಸೂಚಿ ಹಾಕಿಕೊಟ್ಟ ವಿಶಾಖಾ ತೀರ್ಪು, ಅದರ 16 ವರ್ಷಗಳ ಬಳಿಕ ಬಂದ ಕಾಯ್ದೆ, ಇವುಗಳ ಕಥೆ ಓದುಗರಿಗೆ ಗೊತ್ತಿದೆ. 10 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಪ್ರತಿ ಜಾಗದಲ್ಲೂ ಸಮಿತಿ ಇರಬೇಕು. ನಾಲ್ಕು ಊರಲ್ಲಿ ನಾಲ್ಕು ಯುನಿಟ್ ಇದ್ದರೆ ನಾಲ್ಕು ಸಮಿತಿ. ಹೆಡ್ ಆಫೀಸಿನಲ್ಲಿ ಒಂದನ್ನು ಮಾಡಿ ಅದರ ಜೆರಾಕ್ಸನ್ನು ಎಲ್ಲ ಗೋಡೆಗೂ ಅಂಟಿಸುವುದು ಕಾನೂನಲ್ಲ. ಅಧ್ಯಕ್ಷತೆ ಹಿರಿಯ ಹುದ್ದೆಯ ಮಹಿಳೆಯದು. ನೌಕರರಿಂದ ಕನಿಷ್ಠ ಇಬ್ಬರು, ಮಹಿಳೆಯರ ವಿಚಾರ ಬಲ್ಲ ಹೊರಗಿನ ಸದಸ್ಯರೊಬ್ಬರು, ಒಟ್ಟಾರೆ ಕನಿಷ್ಠ ಅರ್ಧದಷ್ಟು ಮಹಿಳೆಯರು ಇರಬೇಕು. ಅವಧಿ ಮೂರು ವರ್ಷ ಮೀರುವಂತಿಲ್ಲ. ನೇಮಕದ ಲಿಖಿತ ಆದೇಶಕ್ಕೆ ತಾರೀಕು ಇರಬೇಕು. ನೌಕರ ಸದಸ್ಯರೆಂದರೆ ಅಕೌಂಟ್ಸ್, ಮರ್ಚಂಡೈಸಿಂಗ್‌ನವರನ್ನೇ ಹಾಕಿಬಿಡುತ್ತಾರೆ. ಲೈನಿನಲ್ಲಿ ಕೂರುವ ಒಬ್ಬ ಟೈಲರ್, ಫಿನಿಶಿಂಗಿನ ಒಬ್ಬ ಚೆಕ್ಕರ್ ಅಥವಾ ಹೆಲ್ಪರ್ ಇರಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹೆಲ್ಪರ್ ಹೇಳಿಕೊಳ್ಳುವುದು ಹೆಲ್ಪರ್ ಬಳಿಯೇ. ಹೊರಗಿನ ಸದಸ್ಯರ ಸ್ಥಾನಕ್ಕೆ ಕಂಪನಿಯ ವಕೀಲರನ್ನೋ ಪರಿಚಯದವರನ್ನೋ ಕೂರಿಸುವುದು ಇನ್ನೊಂದು ರೋಗ. ಆ ಸ್ಥಾನ ಇರುವುದೇ ಆಡಳಿತದ ಒತ್ತಡ ಒಳಗೆ ನುಸುಳದಿರಲಿ ಎಂದು.

ಹಾಳೆ ಎಲ್ಲಿ ಅಂಟಿಸುತ್ತೀರಿ ಎಂಬುದೂ ಸಣ್ಣ ವಿಷಯವಲ್ಲ. ಸೆಕ್ಯುರಿಟಿ ಗೇಟಿನ ಬಳಿ ಯಾರೂ ನಿಂತು ಓದುವುದಿಲ್ಲ, ಪಂಚ್ ಮಾಡುವ ಅವಸರ. ಎಚ್‌ಆರ್ ಕ್ಯಾಬಿನ್ ಎದುರಿಗೆ ಹಾಕಿದರೆ ನಂಬರ್ ಬರೆದುಕೊಳ್ಳುವವಳ ಮುಖ ಸಿಸಿಟಿವಿಯಲ್ಲಿ ಬೀಳುತ್ತದೆ. ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೆ ಹಾಕಿ. ಅಲ್ಲಿ ಕ್ಯಾಮೆರಾ ಇಲ್ಲ, ಎರಡು ನಿಮಿಷ ಓದಲು ಸಮಯವಿದೆ. ಕ್ಯಾಂಟೀನ್, ನೀರಿನ ಜಾಗ, ಹಾಸ್ಟೆಲ್ಲಿನಲ್ಲೂ ಇರಲಿ. ಕನ್ನಡ, ಇಂಗ್ಲಿಷ್ ಎರಡೇ ಸಾಲದು. ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯ ಹೆಣ್ಣುಮಕ್ಕಳು ಈಗ ಲೈನ್‌ಗಳಲ್ಲಿ ಕೂತಿದ್ದಾರೆ, ಅವರಿಗೆ ಒಡಿಯಾ, ಹಿಂದಿಯಲ್ಲಿ ಬೇಕು. ದೂರು ಪೆಟ್ಟಿಗೆ ಇಟ್ಟಿದ್ದರೆ ಬೀಗದ ಕೈ ಯಾರ ಬಳಿ ಎಂದು ಮೊದಲು ಕೇಳಿ. ಪ್ರೊಡಕ್ಷನ್ ಮ್ಯಾನೇಜರ್ ಬಳಿ ಇದ್ದರೆ ಆ ಪೆಟ್ಟಿಗೆ ಇಲ್ಲದ ಹಾಗೆಯೇ. ಎರಡು ಬೀಗ ಹಾಕಿ, ಒಂದು ಕೀ ಕಾರ್ಮಿಕ ಸದಸ್ಯೆಗೆ, ಇನ್ನೊಂದು ಹೊರಗಿನ ಸದಸ್ಯರಿಗೆ ಕೊಡಿ. ತೆರೆದ ದಿನ, ಸಿಕ್ಕ ಚೀಟಿಗಳ ಸಂಖ್ಯೆ ಒಂದು ಪುಸ್ತಕದಲ್ಲಿ ದಾಖಲಾಗಲಿ. ಹೆಸರಿಲ್ಲದ ಚೀಟಿಯ ಮೇಲೆ ವಿಚಾರಣೆ ಹೂಡಲಾಗದು ನಿಜ. ಆದರೆ ಒಂದೇ ಲೈನಿನ ಬಗ್ಗೆ ಮೂರು ಚೀಟಿ ಬಂದರೆ ಅಲ್ಲಿಗೆ ಹೋಗಿ ಸಭೆ ನಡೆಸಲು, ಆ ಸೂಪರ್‌ವೈಸರ್ ಮೇಲೆ ಕಣ್ಣಿಡಲು ಯಾರ ಅಪ್ಪಣೆಯೂ ಬೇಕಿಲ್ಲ.

ದೂರು ಬರೆಯುವ ಬಗೆ ಸರಿಯಿಲ್ಲದೆ ಬಿದ್ದುಹೋಗುವ ಪ್ರಕರಣಗಳು ಬಹಳ. 'ಸೂಪರ್‌ವೈಸರ್ ನನ್ನ ಜೊತೆ ಕೆಟ್ಟದಾಗಿ ನಡೆದುಕೊಂಡರು, ನ್ಯಾಯ ಕೊಡಿಸಿ' ಎಂದಷ್ಟೇ ಇದ್ದರೆ ಎದುರಿನವನು 'ಇಲ್ಲ' ಎಂದು ಒಂದೇ ಪದದಲ್ಲಿ ಮುಗಿಸುತ್ತಾನೆ. ಬರೆಯಬೇಕಾದದ್ದು ಹೀಗೆ: 'ಇಂಥ ತಾರೀಕು, ಗುರುವಾರ ಮಧ್ಯಾಹ್ನ ಸುಮಾರು 3.20. ಆರನೇ ಲೈನ್, ಕಾಲರ್ ಅಟ್ಯಾಚ್ ಮೆಷಿನ್. ತಿದ್ದಬೇಕಾದ (ಆಲ್ಟರೇಷನ್) ಪೀಸ್ ತೋರಿಸುವ ನೆಪದಲ್ಲಿ ನನ್ನ ಹಿಂದೆ ನಿಂತು ಬಗ್ಗಿ ಭುಜದ ಮೇಲೆ ಕೈ ಇಟ್ಟರು. ಕೈ ತೆಗೆಯಿರಿ ಸರ್ ಎಂದೆ. ತೆಗೆಯಲಿಲ್ಲ. ನನ್ನ ಹಿಂದಿನ ಮೆಷಿನಿನವರು ನೋಡಿದರು. ಮಾರನೆಯ ದಿನ ನನ್ನನ್ನು ಲೋಡಿಂಗಿಗೆ ಹಾಕಿದರು.' ತಾರೀಕು, ಹೊತ್ತು, ಜಾಗ, ಮಾಡಿದ್ದು, ತಾನು ಹೇಳಿದ್ದು, ನೋಡಿದವರು, ಆಮೇಲೆ ಆದದ್ದು. ಆಡಿದ ಮಾತು ಎಷ್ಟೇ ಹೊಲಸಾಗಿದ್ದರೂ ಅದೇ ಮಾತನ್ನು ಬರೆಯಬೇಕು. ನಾಚಿಕೆಯಿಂದ 'ಅಸಭ್ಯ ಪದ' ಎಂದು ಬರೆದರೆ ಅದರ ತೂಕವೇ ಇಳಿಯುತ್ತದೆ. ಫೋನಿಗೆ ಬಂದ ಮೆಸೇಜ್ ಅಳಿಸಬೇಡಿ. ನಂಬರ್, ತಾರೀಕು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯವರೊಬ್ಬರಿಗೆ ಕಳಿಸಿಡಿ. ಓದು ಬರಹ ಬಾರದವರಿಗೆ ದೂರು ಬರೆದುಕೊಡುವುದು ಸಮಿತಿಯ ಸದಸ್ಯರ ಉಪಕಾರವಲ್ಲ, 9ನೇ ಸೆಕ್ಷನ್ ಹೊರಿಸಿದ ಕರ್ತವ್ಯ.

ಘಟನೆ ನಡೆದು ಮೂರು ತಿಂಗಳೊಳಗೆ ದೂರು ಕೊಡಬೇಕು. ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಕೆ. ತಡವಾದದ್ದಕ್ಕೆ ಕಾರಣ ಸರಿಯೆನಿಸಿದರೆ ಸಮಿತಿ ಅದನ್ನು ಬರೆದಿಟ್ಟು ಇನ್ನೂ ಮೂರು ತಿಂಗಳವರೆಗೆ ಕೊಡಬಹುದು. ನಿಯಮದ ಪ್ರಕಾರ ದೂರಿನ ಆರು ಪ್ರತಿ ಬೇಕು. ಒಂದು ಪ್ರತಿಯ ಮೇಲೆ ತಾರೀಕು ಸಮೇತ 'ಸ್ವೀಕರಿಸಿದೆ' ಎಂದು ಸಹಿ ಹಾಕಿಸಿಕೊಳ್ಳುವುದನ್ನು ಯಾರೂ ಮರೆಯಬಾರದು. ಈ ಸಹಿ ಇಲ್ಲದಿದ್ದರೆ ಮುಂದಿನ ಯಾವ ಗಡುವನ್ನೂ ಎಣಿಸಲಾಗದು.

ದೂರು ಬಂದ ದಿನವೇ ಸಮಿತಿ ಮಾಡಬೇಕಾದ ಮೊದಲ ಕೆಲಸ, ಸಿಸಿಟಿವಿ ದೃಶ್ಯ ಕಾದಿಡುವಂತೆ ಆಡಳಿತಕ್ಕೆ ಲಿಖಿತ ಪತ್ರ ಕೊಡುವುದು. ಯಂತ್ರ ಹಳೆಯದರ ಮೇಲೆ ಹೊಸದನ್ನು ತಾನಾಗಿಯೇ ಬರೆದುಕೊಳ್ಳುತ್ತದೆ. ಕೇಳುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಆರೋಪಿತನಿಗೆ ಏಳು ಕೆಲಸದ ದಿನಗಳೊಳಗೆ ಪ್ರತಿ ತಲುಪಬೇಕು, ಅವನು ಹತ್ತು ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಮಧ್ಯಂತರ ರಕ್ಷಣೆಯೂ ಇಲ್ಲೇ ಶುರುವಾಗಬೇಕು, ಮತ್ತು ಹೆಚ್ಚು ಅನ್ಯಾಯ ನಡೆಯುವುದೂ ಇಲ್ಲೇ. ಸಾಮಾನ್ಯವಾಗಿ ದೂರು ಕೊಟ್ಟವಳನ್ನೇ ಎತ್ತಿ ಬೇರೆ ಲೈನಿಗೆ ಹಾಕುತ್ತಾರೆ. ಅಲ್ಲಿ ಅವಳಿಗೆ ಗೊತ್ತಿಲ್ಲದ ಆಪರೇಷನ್, ಪೀಸ್ ಬರುವುದಿಲ್ಲ, ಇನ್ಸೆಂಟಿವ್ ಹೋಗುತ್ತದೆ. ನೋಡಿದವರಿಗೆಲ್ಲ ಶಿಕ್ಷೆ ಅವಳಿಗೇ ಆದಂತೆ ಕಾಣುತ್ತದೆ, ಮುಂದಿನವಳು ಬಾಯಿ ಮುಚ್ಚುತ್ತಾಳೆ. ಕಾನೂನು ಅವಳ ಲಿಖಿತ ಕೋರಿಕೆಯ ಮೇರೆಗೆ ಅವಳನ್ನಾಗಲಿ ಅವನನ್ನಾಗಲಿ ವರ್ಗಾಯಿಸಲು, ಮಾಮೂಲಿ ರಜೆಯಲ್ಲದೆ ಮೂರು ತಿಂಗಳವರೆಗೆ ರಜೆ ಕೊಡಲು, ಅವಳ ಕೆಲಸದ ವರದಿ ಬರೆಯದಂತೆ ಅವನನ್ನು ತಡೆಯಲು ಅವಕಾಶ ಕೊಟ್ಟಿದೆ. ಯಾವುದು ಬೇಕೆಂದು ಅವಳನ್ನು ಕೇಳಿ, ಅವಳ ಮಾತಲ್ಲೇ ಬರೆದುಕೊಳ್ಳಿ.

ವಿಚಾರಣೆಗೆ 90 ದಿನ. ಅಧ್ಯಕ್ಷೆ ಸೇರಿ ಕನಿಷ್ಠ ಮೂವರು ಕೂರಲೇಬೇಕು, ಇಬ್ಬರು ಕೂತು ನಡೆಸಿದ್ದು ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ. ಎರಡೂ ಕಡೆಗೆ ವಕೀಲರಿಗೆ ಅವಕಾಶವಿಲ್ಲ. ಗಾಜಿನ ಗೋಡೆಯ ಎಚ್‌ಆರ್ ಕ್ಯಾಬಿನ್ ವಿಚಾರಣೆಯ ಜಾಗವಲ್ಲ. ಸಾಕ್ಷಿಗಳನ್ನು ಮೈಕಿನಲ್ಲಿ ಕೂಗಿ ಕರೆದರೆ ಇಡೀ ಫ್ಲೋರಿಗೆ ಗೊತ್ತಾಗುತ್ತದೆ, ಸಂಜೆ ಹೊತ್ತಿಗೆ ಆ ಸಾಕ್ಷಿ ಕೈಬಿಟ್ಟು ಹೋಗುತ್ತಾಳೆ. ಪಿಎಫ್ ಪತ್ರಕ್ಕೆ ಸಹಿ, ಇಎಸ್‌ಐ ಕಾರ್ಡ್ ತಿದ್ದುಪಡಿ ಮುಂತಾದ ಮಾಮೂಲು ಕೆಲಸಗಳಿಗೆ ಕರೆಯುವ ಹಾಗೆಯೇ ಒಬ್ಬೊಬ್ಬರನ್ನಾಗಿ ಕರೆಯಬೇಕು, ಆ ಹೊತ್ತಿನ ಸಂಬಳ, ಇನ್ಸೆಂಟಿವ್ ಕಡಿಯಬಾರದು. ಹೇಳಿಕೆಯನ್ನು ಅವರಾಡಿದ ಭಾಷೆಯಲ್ಲೇ ಬರೆದು, ಓದಿ ಹೇಳಿ, ಪ್ರತಿ ಪುಟಕ್ಕೂ ಸಹಿ ಹಾಕಿಸಬೇಕು. ಒಡಿಯಾ ಹುಡುಗಿಯ ಮಾತನ್ನು ಅದೇ ಲೈನಿನ ಮೇಸ್ತ್ರಿಯಿಂದ ಅನುವಾದ ಮಾಡಿಸಬಾರದು. ಇಬ್ಬರನ್ನೂ ಎದುರುಬದುರು ಕೂರಿಸದೆ ಅವನ ಪ್ರಶ್ನೆಗಳನ್ನು ಬರೆದು ತರಿಸಿ ಸಮಿತಿಯೇ ಕೇಳಬಹುದು. ಅವನ ಮಾತನ್ನೂ ಅಷ್ಟೇ ತಾಳ್ಮೆಯಿಂದ ಕೇಳಬೇಕು, ಅವನ ಸಾಕ್ಷಿಗಳನ್ನೂ ಕರೆಯಬೇಕು. ಅವಸರದಲ್ಲಿ ಇದನ್ನು ಬಿಟ್ಟ ವರದಿಗಳು ನ್ಯಾಯಾಲಯದಲ್ಲಿ ರದ್ದಾಗುತ್ತವೆ, ಆಗ ಮತ್ತೆ ನೋಯುವವಳು ದೂರು ಕೊಟ್ಟವಳೇ. 2023ರ ಮೇ 12ರಂದು ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ, ನ್ಯಾಯಯುತ ಅವಕಾಶ ಕೊಡದೆ ತರಾತುರಿಯಲ್ಲಿ ನಡೆಸಿದ್ದಕ್ಕೆ, ವಿಚಾರಣೆಯನ್ನು ಮತ್ತೆ ನಡೆಸಲು ಹೇಳಿತು.

ರಾಜಿಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಅವಳು ಬಯಸಿದರೆ ಮಾತ್ರ ರಾಜಿ, ವಿಚಾರಣೆ ಶುರುವಾಗುವ ಮೊದಲು ಮಾತ್ರ, ದುಡ್ಡಿನ ಆಧಾರದ ಮೇಲೆ ಎಂದಿಗೂ ಅಲ್ಲ. ನಡೆಯುವುದು ಏನೆಂದರೆ ವೆಲ್‌ಫೇರ್ ಆಫೀಸರ್ ಗಂಡನಿಗೋ ಅಪ್ಪನಿಗೋ ಫೋನ್ ಮಾಡಿ 'ನಿಮ್ಮ ಮನೆ ಮರ್ಯಾದೆ ವಿಷಯ' ಎನ್ನುತ್ತಾರೆ. ಮರುದಿನದಿಂದ ಅವಳು ಕೆಲಸಕ್ಕೇ ಬರುವುದಿಲ್ಲ. ಇದು 16ನೇ ಸೆಕ್ಷನ್ನಿನ ಗೋಪ್ಯತೆಯ ನೇರ ಉಲ್ಲಂಘನೆ, ಹಾಗೆ ಮಾಡಿದವರಿಗೆ 5000 ರೂಪಾಯಿ ದಂಡ ವಿಧಿಸಬೇಕೆಂದು ನಿಯಮದಲ್ಲಿದೆ.

ವಿಚಾರಣೆ ಮುಗಿದ 10 ದಿನದಲ್ಲಿ ವರದಿ, ವರದಿ ಸಿಕ್ಕ 60 ದಿನದಲ್ಲಿ ಮಾಲೀಕರ ಕ್ರಮ, ಒಪ್ಪದವರಿಗೆ 90 ದಿನದೊಳಗೆ ಮೇಲ್ಮನವಿ. ದೂರು ಸಾಬೀತಾಗಲಿಲ್ಲ ಎಂದರೆ ಅದು ಸುಳ್ಳು ದೂರು ಎಂದರ್ಥವಲ್ಲ ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. ಸಾಕ್ಷಿಯಿಲ್ಲದ್ದಕ್ಕೆ ಅವಳಿಗೆ ನೋಟಿಸ್ ಕೊಡುವಂತಿಲ್ಲ. ಸಮಿತಿಯ ವಿಚಾರಣೆ ಪೊಲೀಸ್ ದೂರಿಗೆ ಅಡ್ಡಿಯೂ ಅಲ್ಲ. ಲೈಂಗಿಕ ಕಿರುಕುಳಕ್ಕೆ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಅಡಿ ಅವಳು ದೂರು ಕೊಡಬಯಸಿದರೆ ನೆರವಾಗುವುದು ಮಾಲೀಕರ ಹೊಣೆ.

ಲೈನಿನೊಳಗೇ ಕಣ್ಣು ಕಿವಿ ಇರಬೇಕೆಂಬುದಕ್ಕೆ ಪಕ್ಕದ ರಾಜ್ಯದಲ್ಲಿ ಒಂದು ಮಾದರಿ ಇದೆ. ತಮಿಳುನಾಡಿನ ದಿಂಡಿಗಲ್‌ನಲ್ಲಿ 2021ರ ಜನವರಿಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯ ಯುವ ದಲಿತ ಕಾರ್ಮಿಕಳೊಬ್ಬಳ ಕೊಲೆಯಾದ ಬಳಿಕ, 2022ರ ಏಪ್ರಿಲ್‌ನಲ್ಲಿ ಮಹಿಳೆಯರೇ ಮುನ್ನಡೆಸುವ ಕಾರ್ಮಿಕ ಸಂಘ, ಕಾರ್ಖಾನೆ ಮತ್ತು ಬಟ್ಟೆ ಕೊಳ್ಳುವ ವಿದೇಶಿ ಬ್ರಾಂಡ್‌ಗಳ ನಡುವೆ ಒಪ್ಪಂದಗಳಾದವು. ಕಾರ್ಮಿಕ ಮಹಿಳೆಯರಿಗೇ ತರಬೇತಿ ಕೊಟ್ಟು, ತಮ್ಮ ಫ್ಲೋರಿನಲ್ಲಿ ಕಂಡದ್ದನ್ನು ಆಗಿಂದಾಗಲೇ ವರದಿ ಮಾಡುವ ಹೊಣೆ ಕೊಟ್ಟದ್ದು ಅದರ ಜೀವಾಳ. ಆದರೆ ನಮ್ಮಲ್ಲಿ ಬ್ರಾಂಡ್‌ಗಳು ನಡೆಸುವ ತಪಾಸಣೆಯಲ್ಲಿ (ಆಡಿಟ್) ಆಡಿಟರ್ ಬರುವ ಹಿಂದಿನ ದಿನ ಹೊಸ ಹಾಳೆ ಅಂಟಿಸಿದರೆ ಅಂಕ ಸಿಕ್ಕಿಬಿಡುತ್ತದೆ.

ಕಾರ್ಖಾನೆ ಕೊಡುವ ಬಸ್ಸು, ವ್ಯಾನೂ ಕಾನೂನಿನ ಕಣ್ಣಲ್ಲಿ ಕೆಲಸದ ಜಾಗವೇ. ಗುತ್ತಿಗೆಯವರು, ದಿನಗೂಲಿಯವರು, ತರಬೇತಿಗೆ ಬಂದವರು ಎಲ್ಲರೂ ದೂರು ಕೊಡಬಹುದು. ಡ್ರೈವರ್ ಗುತ್ತಿಗೆಯವನು ಎಂದು ಸಮಿತಿ ಕೈತೊಳೆದುಕೊಳ್ಳುವಂತಿಲ್ಲ. ಬೆಳಿಗ್ಗೆ ಮೊದಲು ಹತ್ತುವವಳು, ರಾತ್ರಿ ಕೊನೆಗೆ ಇಳಿಯುವವಳು ಒಬ್ಬಂಟಿಯಾಗದಂತೆ ರೂಟ್ ಹಾಕಬೇಕು, ಸೀಟಿನ ಹಿಂಬದಿಯಲ್ಲಿ ಸಮಿತಿಯ ನಂಬರ್ ಇರಬೇಕು.

10ಕ್ಕಿಂತ ಕಡಿಮೆ ಜನರಿರುವ ಜಾಬ್‌ವರ್ಕ್ ಯುನಿಟ್‌ನವರು, ಮನೆಗೆಲಸದವರು, ಅಥವಾ ಮಾಲೀಕನ ಮೇಲೆಯೇ ದೂರಿರುವವರು ಹೋಗಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ತಾಲ್ಲೂಕಿಗೊಬ್ಬರು, ನಗರದಲ್ಲಿ ವಾರ್ಡಿಗೊಬ್ಬರು ನೋಡಲ್ ಅಧಿಕಾರಿ ದೂರು ಪಡೆದು ಏಳು ದಿನದಲ್ಲಿ ಸಮಿತಿಗೆ ಕಳಿಸಬೇಕು. 2024ರ ಡಿಸೆಂಬರ್ 3ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಎಲ್ಲ ಜಿಲ್ಲೆಗಳಲ್ಲೂ ಜಿಲ್ಲಾ ಅಧಿಕಾರಿಗಳ ನೇಮಕ, ಸ್ಥಳೀಯ ಸಮಿತಿ ರಚನೆಗೆ ಗಡುವು ಹಾಕಿತ್ತು. ದೂರು ದಾಖಲಿಸಲು ಕೇಂದ್ರದ ಶಿ-ಬಾಕ್ಸ್ ಜಾಲತಾಣವೂ ಇದೆ, 181 ಮಹಿಳಾ ಸಹಾಯವಾಣಿಯೂ ಇದೆ. ಆದರೆ ಮದ್ದೂರಿನ ಸಣ್ಣ ಯುನಿಟ್ಟಿನ ಹೆಲ್ಪರ್‌ಗೆ ತನ್ನ ತಾಲ್ಲೂಕಿನ ನೋಡಲ್ ಅಧಿಕಾರಿ ಯಾರು, ಯಾವ ಕೊಠಡಿಯಲ್ಲಿ ಕೂರುತ್ತಾರೆ ಎಂದು ಹೇಳುವವರು ಯಾರು?

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಪ್ರತಿ ತಾಲ್ಲೂಕು, ವಾರ್ಡಿನ ನೋಡಲ್ ಅಧಿಕಾರಿಯ ಹುದ್ದೆ, ಕಚೇರಿ ವಿಳಾಸ, ಫೋನ್ ನಂಬರನ್ನು ಗ್ರಾಮ ಪಂಚಾಯಿತಿ, ನಾಡಕಚೇರಿ, ಇಎಸ್‌ಐ ಆಸ್ಪತ್ರೆ, ಅಂಗನವಾಡಿಗಳ ಗೋಡೆಗೆ ಹಾಕಿಸಲಿ. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ಹಾಗೂ ಕಾರ್ಮಿಕ ಇಲಾಖೆಯ ಅಧಿಕಾರಿಗಳು ತಪಾಸಣೆಗೆ ಹೋದಾಗ ಸಮಿತಿ ಇದೆಯೇ ಎಂದು ಕೇಳಿ ಟಿಕ್ ಹಾಕಿ ಬರದೆ ನೇಮಕದ ಆದೇಶದ ತಾರೀಕು, ಸಭೆಯ ನಡಾವಳಿ ಪುಸ್ತಕ, ಹೊರಗಿನ ಸದಸ್ಯರ ಹಾಜರಿ ಸಹಿ, ಈ ಮೂರನ್ನು ಕೈಯಲ್ಲಿ ಹಿಡಿದು ನೋಡಲಿ. ಸಮಿತಿಯಿಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ, ಮರುಕಳಿಸಿದರೆ ಇಮ್ಮಡಿ, ಲೈಸೆನ್ಸ್ ರದ್ದತಿಗೂ ಅವಕಾಶ ಕಾಯ್ದೆಯಲ್ಲಿದೆ. ಅದನ್ನು ಬಳಸಲಿ. ಸಮಿತಿಗಳು ಜಿಲ್ಲಾ ಅಧಿಕಾರಿಗೆ ಸಲ್ಲಿಸುವ ವಾರ್ಷಿಕ ವರದಿಯಲ್ಲಿ ಸಾವಿರ ಹೆಂಗಸರು ದುಡಿಯುವ ಕಾರ್ಖಾನೆ ವರ್ಷ ವರ್ಷವೂ 'ದೂರು: ಸೊನ್ನೆ, ಕಾರ್ಯಾಗಾರ: ಸೊನ್ನೆ' ಎಂದು ಬರೆದಿದ್ದರೆ ಮೊದಲ ತಪಾಸಣೆ ಅಲ್ಲಿಗೇ ಆಗಲಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಮುಂಚೆ ತಿಳಿಸದೆ, ಲೈನಿನ ಬೋರ್ಡಿನ ಮುಂದೆಯೇ.

ತಮ್ಮ ವಿಶ್ವಾಸಿಗಳು,
ಗಾರ್ಮೆಂಟ್ಸ್ ಕಾರ್ಖಾನೆಗಳ ಆಂತರಿಕ ಸಮಿತಿಗಳ ಹೊರಗಿನ ಸದಸ್ಯೆಯರು,
ಬೆಂಗಳೂರು